ತಂಗಿಯ ಮೂಗು

ನಾನು ಹುಟ್ಟಿ ಬೆಳೆದದ್ದು ಮರಾಠಿ ನಾಡಿನ ನಿಗಡಿಯಲ್ಲಿ. ಶಾಲೆಯಲ್ಲಿ ಕಲಿತದ್ದು ಮರಾಠಿ; ಕನ್ನಡ ಬಂದದ್ದು ಅಜ್ಜಿಯಿಂದ, ಆಕೆ ರೊಟ್ಟಿ ಬಡಿಯುತ್ತ ಹೇಳುತ್ತಿದ್ದ ದೆವ್ವದ ಕತೆಗಳಿಂದ. ಆ ಕನ್ನಡ ಮುಂದೆ ಕೆಲಸಕ್ಕೆ ಬಂದೀತೆಂದು ಯಾರೂ ಎಣಿಸಿರಲಿಲ್ಲ. ರೋಗದಲ್ಲೋ ಅಪಘಾತದಲ್ಲೋ ಕಿವಿ, ಮೂಗು ಕಳೆದುಕೊಂಡವರಿಗೆ ಸಿಲಿಕೋನಿನಲ್ಲಿ ಅವನ್ನು ಮಾಡಿಕೊಡುವ ಒಂದು ಸಣ್ಣ ಕೇಂದ್ರದಲ್ಲಿದ್ದೇನೆ. ಕನ್ನಡದವರು ಯಾರೇ ಬಂದರೂ ಜೊತೆಯ ಕೆಲಸದವರು, ನಿಮ್ಮ ಮಂದಿ ಬಂದರು ನೋಡಿ ಎಂದು ಮರಾಠಿಯಲ್ಲಿ ನಗಾಡಿ ನನ್ನ ಕಡೆ ಕಳಿಸುತ್ತಾರೆ.

ಹಾಗೆ ಬಂದವರು ಆ ಅಕ್ಕ-ತಂಗಿ. ಯಾದಗಿರಿ ಕಡೆಯವರು, ಇಲ್ಲೇ ಹತ್ತಿರದ ವಾಕಡದಲ್ಲಿ ಕಟ್ಟಡದ ಕೆಲಸ. ಕೊರೊನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದ ರೋಗ ಅಕ್ಕನ ಮೂಗನ್ನು ತಿಂದುಹಾಕಿತ್ತು. ಕಣ್ಣಿನ ಕೆಳಗೆ ಸೆರಗು ಬಿಗಿಯಾಗಿ ಹಿಡಿದೇ ಮಾತಾಡುತ್ತಿದ್ದಳು. ಒಂದು ಕಿವಿ ಹೋದರೆ ಇನ್ನೊಂದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಮಗುಚಿ ಜೋಡಿ ಮಾಡಬಹುದು. ಮೂಗಿಗೆ ಜೋಡಿಯೆಲ್ಲಿಂದ ಬರಬೇಕು? ಒಡಹುಟ್ಟಿದವರಲ್ಲಿ ಹೋಲುವ ಮೂಗು ಹುಡುಕುತ್ತೇವೆ.

"ನಂದೇ ತಗೋರಿ," ಎಂದಳು ತಂಗಿ. "ಆದ್ರ ಅಕ್ಕಾರ, ಇಕಿ ಸಿಟ್ಟು ಮೂಗಿನ ತುದಿಗೇ ಇರ್ತಿತ್ತು. ನನ್ನ ಮೂಗು ಸಣ್ಣದದ, ಅಷ್ಟು ಸಿಟ್ಟು ಹಿಡಿಸೂದಿಲ್ಲ ನೋಡ್ರಿ!"

"ಬಾಯಿ ಮುಚ್ಚಲೇ," ಎಂದಳು ಅಕ್ಕ ಸೆರಗಿನೊಳಗಿಂದ. "ಇಲ್ಲಾಂದ್ರ ಬಾಯಿನೂ ತಗೋತಾರ."

ಸ್ಕ್ಯಾನರಿನ ಬೆಳಕು ಪಟಪಟನೆ ಮಿಣುಕುವುದರಿಂದ ಕಣ್ಣು ಮುಚ್ಚಿ ಕೂರಬೇಕು. ತಂಗಿ ಎಡಮೂಗಿನ ಮೂಗುತಿ ತೆಗೆದಿಟ್ಟು ಕುಳಿತಳು. ಪರದೆಯ ಮೇಲೆ ಮುಖ ಮೂಡಿತು: ಕೂದಲಿಲ್ಲ, ಬೂದಿಯ ಬಣ್ಣ, ಮುಚ್ಚಿದ ಕಣ್ಣು. ಮುಂಭಾಗ ಮಾತ್ರ ಇರುತ್ತದೆ, ಹಿಂದೆ ಬರೀ ಟೊಳ್ಳು. ಆದರೆ ಆ ಟೊಳ್ಳಿನ ಕಡೆಯನ್ನು ನಮ್ಮತ್ತ ಮಾಡಿದರೆ ಅದು ಟೊಳ್ಳೆಂದು ಕಾಣುವುದಿಲ್ಲ. ಉಬ್ಬಿದ ಮುಖವೇ ಎದ್ದು ಬಂದಂತೆ ಕಾಣುತ್ತದೆ. ನಾವು ಎತ್ತ ಸರಿದರೂ ಅತ್ತಲೇ ತಿರುಗಿದಂತೆ ತೋರುತ್ತದೆ. ಕಣ್ಣಿನ ಭ್ರಮೆ, ಗೊತ್ತು. ಆದರೂ ಒಬ್ಬಳೇ ಇದ್ದಾಗ ಯಾವ ಮುಖವನ್ನೂ ನಾನು ಹಾಗೆ ತಿರುಗಿಸುವುದಿಲ್ಲ.

ತಂಗಿಯ ನಗು ನಿಂತಿತು. "ಹೆಣ ಕಂಡಂಗ ಕಾಣ್ತದ. ಮುಚ್ಚರಿ ಅದನ್ನ," ಎಂದಳು.

ಆ ಮೂಗನ್ನೇ, ಎಡಕ್ಕೆ ಮೂಗುತಿಯ ತೂತಿನ ಸಮೇತ, ಮಾಡಿ ಅಕ್ಕನಿಗೆ ಕೂಡಿಸಿದೆವು. ಸಿಲಿಕೋನು ಬಹಳ ಕಾಲ ಬಾಳುವುದಿಲ್ಲ, ಬಣ್ಣಗೆಡುತ್ತದೆ. ಹೊಸದು ಮಾಡಿಸಲು ಅಕ್ಕ ಮತ್ತೆ ಬಂದಾಗ ಜೊತೆಯಲ್ಲಿ ತಂಗಿ ಇರಲಿಲ್ಲ. ಮುದುಕಿ ತಾಯಿ ಇದ್ದಳು, ಅಕ್ಕನ ಸೊಂಟದ ಮೇಲೊಂದು ಹೆಣ್ಣುಕೂಸಿತ್ತು. ತಂಗಿ ಕಾಮಾಲೆಯಲ್ಲಿ ತೀರಿಕೊಂಡಿದ್ದಳು, ಕೂಸು ಅವಳದು. ನಾನು ಅಕ್ಕನ ಮುಖ ನೋಡಿದೆ. ಸತ್ತವಳ ಮೂಗು, ಎಡಕ್ಕೆ ಮೂಗುತಿಯ ಸಮೇತ, ಅಲ್ಲಿ ಕುಳಿತಿತ್ತು.

ಮುದುಕಿ ನೇರವಾಗಿ ಮಾತಿಗಿಳಿದಳು. "ಅಕಿ ಮೂಗು ಇಕಿ ಮಾರಿ ಮ್ಯಾಲ ಇದ್ರ ಅಕಿ ಹೆಂಗ ಹೋಗ್ತಾಳ್ರಿ? ದೀಪ ಹಚ್ಚಿದ ಮ್ಯಾಲ ಇಕಿನ್ನ ನೋಡಾಕ ನನಗ ಆಗೂದಿಲ್ಲ. ಬ್ಯಾರೆ ಯಾರದರ ಮೂಗು ಹಾಕ್ರಿ."

"ಬ್ಯಾರೆ ಹಾಕಿದ್ರ ಈ ಕೂಸು ಮಕ್ಕೋತದೇನ್ ಯವ್ವಾ?" ಎಂದು ಅಕ್ಕ ನನ್ನ ಕಡೆ ತಿರುಗಿದಳು. ಕೂಸಿಗೆ ಅವ್ವನ ಮೂಗುತಿ ಹಿಡಿದೇ ಮಲಗುವ ರೂಢಿಯಂತೆ. ಅವ್ವ ಹೋದ ಮೇಲೆ ಅತ್ತು ಅತ್ತು ಸೊರಗಿದ ಕೂಸಿನ ಕೈ ಒಂದು ಸಂಜೆ ಇವಳ ಮೂಗಿಗೆ ತಾಗಿತು. ಆವತ್ತು ನಿದ್ದೆ ಮಾಡಿತು.

"ಹಗಲೆಲ್ಲಾ ದೊಡ್ಡವ್ವ ಅಂತಾಳ್ರಿ. ನಿದ್ದಿ ಬರೂ ಹೊತ್ತಿಗೆ ಮೂಗು ಹಿಡದು ಅವ್ವಾ ಅಂತಾಳ. ನಾನೂ ಓ ಅಂತೀನಿ." ಅಕ್ಕ ದನಿ ತಗ್ಗಿಸಿದಳು. "ಆ ಓ ನಂದಲ್ಲ ಅನಸ್ತದ್ರಿ."

ಮಲಗುವಾಗ ತೆಗೆದಿಡಬೇಕಾದ ಮೂಗನ್ನು ಅವಳು ತೆಗೆಯುತ್ತಲೇ ಇರಲಿಲ್ಲ. ಅಂಚು ಹರಿದಿತ್ತು, ಅಡಿಯ ಚರ್ಮ ಕೆಂಪಾಗಿ ಹುಣ್ಣಾಗಿತ್ತು.

ಹಳೆಯ ಸ್ಕ್ಯಾನ್ ತೆರೆದೆ. ಬೂದಿಬಣ್ಣದ ಆ ಮುಖವನ್ನು ಕೂಸು ಒಂದೇ ನೋಟಕ್ಕೆ ಗುರುತಿಸಿತು. "ಅವ್ವ ಮಕ್ಕೊಂಡಾಳ," ಎಂದಿತು. ಗಾಬರಿಯಲ್ಲಿ ನನ್ನ ಕೈಯ ಮೌಸ್ ಜಾರಿ ಮುಖ ಮಗುಚಿಕೊಂಡಿತು. ಟೊಳ್ಳಿನ ಕಡೆ ಮೇಲೆ ಬಂತು. ಅಕ್ಕ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಪರದೆಯ ಮುಖವೂ ಕೂಸಿನ ಹಿಂದೆಯೇ ಸರಿದಂತೆ ಕಂಡಿತು.

"ಕಣ್ಣು ಮುಚ್ಚಿಕೊಂಡೇ ನೋಡಾಕತ್ತಾಳ!" ಎಂದು ಮುದುಕಿ ಕೂಸಿನ ಕಣ್ಣಿಗೆ ಅಂಗೈ ಒತ್ತಿದಳು. ನಾನು ಫೈಲು ಮುಚ್ಚಿಬಿಟ್ಟೆ.

"ನಿಮ್ಮ ಮೂಗೇ ಸ್ಕ್ಯಾನ್ ಮಾಡೋಣೇನ್ರಿ ಅವ್ವಾರ?" ಎಂದೆ.

"ನಂದು ಬ್ಯಾಡ. ನಾಳಿ ನಾನೂ ಸಾಯಾಕೀನೇ."

ಮುದುಕಿ ಕೂಸಿನ ಕಣ್ಣಿನಿಂದ ಅಂಗೈ ತೆಗೆದಳು. ಆಮೇಲೆ ಹೇಳಿದಳು: "ಅಕಿ ಮೂಗುತಿ ಎಡಕ್ಕಿತ್ತು. ಇಕಿದು ಬಲಕ್ಕ ಮಾಡ್ರಿ. ಹುಡುಕ್ಕೊಂತ ಬಂದ್ರ, ಇದು ನಂದಲ್ಲ ಅಂತ ತಿಳದು ಹೋಗ್ಲಿ."

"ಕೂಸು ಒಪ್ಪಲಿಲ್ಲಂದ್ರ?" ಎಂದಳು ಅಕ್ಕ.

"ಒಪ್ಪಲಿಲ್ಲಂದ್ರ ಎಡಕ್ಕೇ ಮಾಡಸು. ನಾ ಸುಮ್ನ ಇರ್ತೀನಿ."

ಕಂಪ್ಯೂಟರಿನಲ್ಲಿ ಎಡಗಡೆಯ ತೂತು ಮುಚ್ಚಿ ಬಲಕ್ಕೊಂದು ಮಾಡಿದೆ. ಅಚ್ಚು ತೆಗೆದು, ಸಿಲಿಕೋನು ಎರೆದು, ಅಕ್ಕನ ಕೆನ್ನೆಯ ಬಣ್ಣಕ್ಕೆ ಬಣ್ಣ ಕೂಡಿಸಿದೆ. ಕೂಸು ಮಲಗಿದ ಮೇಲೆ ತೆಗೆದಿಡುವೆನೆಂದು ಅವಳಿಂದ ಮಾತು ತೆಗೆದುಕೊಂಡೆ.

ಹೊಸ ಮೂಗು ಕೂಡಿಸಿ ನೋಡಿದ್ದು ಒಂದು ಮಧ್ಯಾಹ್ನ. ಬಿಸಿಲಿಗೆ ಸೋತ ಕೂಸು ದೊಡ್ಡವ್ವನ ತೊಡೆಯ ಮೇಲೆ ತೂಕಡಿಸುತ್ತಿತ್ತು. ಪುಟ್ಟ ಕೈ ಮೇಲೇರಿತು. ಎಡಗಡೆ ತಡವಿತು, ಏನೂ ಸಿಗಲಿಲ್ಲ. ಮತ್ತೆ ತಡವಿತು. ಹುಬ್ಬು ಗಂಟಿಕ್ಕಿತು, ತುಟಿ ನಡುಗಿತು, ಇನ್ನೇನು ಅಳುತ್ತದೆ ಎನ್ನುವಾಗ ಬೆರಳು ಮೂಗಿನ ಮೇಲಿಂದ ಮೆಲ್ಲಗೆ ಆಚೆಗೆ ದಾಟಿ ಮೂಗುತಿಯನ್ನು ಹಿಡಿಯಿತು.

"ಅವ್ವ ಆ ಮಗ್ಗಲಿಗೆ ಹೊಳ್ಳಿ ಮಕ್ಕೊಂಡಾಳ," ಎಂದಿತು, ಕಣ್ಣು ತೆರೆಯದೆ.

"ಓ," ಎಂದಳು ಅಕ್ಕ.

ಅಲ್ಲಿನ ಮುಖವೂ ಹೊಳ್ಳಿತೇನೋ ಎಂಬಂತೆ ಮುದುಕಿ ನನ್ನ ಬೆನ್ನ ಹಿಂದಿನ ಪರದೆಯ ಕಡೆ ನೋಡಿದಳು. ನಾನೂ ತಿರುಗಿ ನೋಡಿದೆ. ಪರದೆ ಕಪ್ಪಾಗಿತ್ತು; ಅದನ್ನು ಬೆಳಿಗ್ಗೆಯಿಂದ ಹಚ್ಚಿಯೇ ಇರಲಿಲ್ಲ.