ಮರಳುಗಾಡಿಗೆ ಮೂರು ಮಂಚ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಮೊದಲು ಅಂಗಡಿ ಕೆಲಸ ಅಂದೆ, ಆಮೇಲೆ ಮೊಣಕಾಲು ನೋವು ಅಂದೆ. ಕೂತು ಬರೆಯಲು ಮೊಣಕಾಲು ಬೇಡ ಎಂದು ಈಗ ಹೊಳೆದಿದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕೊಪ್ಪದಲ್ಲಿ ಅಡುಗೆ ಕಂಟ್ರಾಕ್ಟು ಮಾಡುತ್ತಿದ್ದ ನನ್ನ ಗೆಳೆಯನ ಬಳಿ ಮದುವೆಮನೆಗಳಿಗೆ ಪಾತ್ರೆ ಸಾಗಿಸುವ ಹಳೇ ವ್ಯಾನೊಂದಿತ್ತು. ಮಾರಲು ಹೊರಟ, ಯಾರೂ ಕೊಳ್ಳಲಿಲ್ಲ. ಹಾಗಾಗಿ ಅದರೊಳಗೆ ಮಂಚ ಹಾಕಿಸಿ, ಒಲೆ ಇಟ್ಟು, ರಾಜಸ್ಥಾನದ ಮರಳುಗಾಡಿಗೆ ಹೋಗುವುದೆಂದು ತೀರ್ಮಾನವಾಯಿತು. ಊಟ, ನಿದ್ದೆ ವ್ಯಾನಿನಲ್ಲಿ, ಹಗಲೆಲ್ಲ ಮರಳದಿಬ್ಬಗಳ ಮೇಲೆ ನಡಿಗೆ. ಟಿವಿಯಲ್ಲಿ ಯಾರೋ ವಿದೇಶದವರು ಹಾಗೆ ಮಾಡಿದ್ದನ್ನು ಅವನು ನೋಡಿದ್ದ. ಅವರ ವ್ಯಾನು ಸಾಂಬಾರಿನ ವಾಸನೆ ಹೊಡೆಯುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸ ನಮಗೆ ಕಾಣಲಿಲ್ಲ. ನರಸಿಂಹರಾಜಪುರದಲ್ಲಿ ಸಾಮಿಲ್ಲು ನಡೆಸುತ್ತಿದ್ದ ಇನ್ನೊಬ್ಬ ಗೆಳೆಯ ಮರ ಕೊಡುತ್ತೇನೆಂದು ಸೇರಿಕೊಂಡ. ನಾನು ಯೋಜನೆ ಕೊಡುತ್ತೇನೆಂದು ಸೇರಿಕೊಂಡೆ. ಕೊಡಲು ಏನೂ ಇಲ್ಲದವರು ಕೊಡುವುದು ಅದನ್ನೇ.

ವ್ಯಾನಿನಲ್ಲಿ ನಾಲ್ಕು ಮಂಚಕ್ಕೆ ಜಾಗವಿತ್ತು. ನಾಲ್ಕನೆಯದನ್ನು ಅಕ್ಕ ಕೇಳಿದಳು. ಅವಳು ಮದುವೆಯಾದವಳಲ್ಲ. ಶೆಟ್ಟಿಕೊಪ್ಪದ ಕಡೆ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತಿಯಾದ ಮೇಲೆ ಶೃಂಗೇರಿಯಲ್ಲಿ ನಮ್ಮ ಮನೆಗೆ ಬಂದು ದೇವರ ನೈವೇದ್ಯದ ಅಡುಗೆಯನ್ನು ವಹಿಸಿಕೊಂಡಿದ್ದಳು. ಜನ್ಮವಿಡೀ ಮಕ್ಕಳಿಗೆ ಮರುಭೂಮಿಯ ಪಾಠ ಹೇಳಿದವಳು. ತಾನು ಕಂಡ ಮರಳೆಂದರೆ ತುಂಗೆಯ ದಡದ್ದು ಮಾತ್ರ. ನಾನು ಒಪ್ಪಿದೆ. ಉದಾರತೆಯಿಂದಲ್ಲ, ದಾರಿಯಲ್ಲಿ ಅಡುಗೆಗೆ ಜನ ಸಿಕ್ಕಿತಲ್ಲ ಎಂದು. ಅವಳು ಕ್ಯಾನ್ವಾಸ್ ಶೂ ಕೊಂಡು, ಸೀರೆ ಎತ್ತಿ ಕಟ್ಟಿ, ದಿನಾ ಬೆಳಿಗ್ಗೆ ಗುಡ್ಡ ಹತ್ತಿ ಇಳಿಯತೊಡಗಿದಳು.

ಒಂದು ಭಾನುವಾರ ಗೆಳೆಯರಿಬ್ಬರೂ ನಮ್ಮ ಜಗುಲಿಗೆ ಬಂದರು. ಸಾಮಾನು ಜೋಡಿಸಿದೆವು. ಛತ್ರಿಗಳು, ಸೌದೆಗೆ ಥಂಡಿ ಹಿಡಿಯದ ಹಾಗೆ ಟಾರ್ಪಾಲು, ರಕ್ತ ಹೀರುವ ಇಂಬಳ ಹತ್ತದಂತೆ ಕಾಲಿಗೆ ಹಚ್ಚಲು ಹೊಗೆಸೊಪ್ಪು, ಸುಣ್ಣ. ಕಾಫಿ ತಂದ ಅಕ್ಕ ರಾಶಿ ನೋಡಿ ನಿಂತಳು.

“ನೀರೆಲ್ಲಿ ಇಡ್ತೀಯ?”

“ನೀರೆಂತಕ್ಕೆ ಹೊತ್ಕೊಂಡು ಹೋಗೋದು? ನಡೆಯೋ ದಾರೀಲಿ ಎಲ್ಲಾದ್ರೂ ಹಳ್ಳ ಸಿಗ್ತದೆ.”

ನಮ್ಮ ಕಡೆ ಕಾಡಿಗೆ ಹೋಗುವವರು ಯಾರೂ ನೀರು ಹೊರುವುದಿಲ್ಲ. ಬಗ್ಗಿ ಬೊಗಸೆ ಒಡ್ಡಿದರಾಯಿತು. ನನ್ನ ಬಾಯಿಂದ ಆ ಮಾತು ತಾನಾಗಿ ಬಂದಿತ್ತು.

ಅಕ್ಕ ಬಾಗಿಲು ಹಿಡಿದುಕೊಂಡು ನಕ್ಕಳು. “ಮರುಭೂಮೀಲಿ ಹಳ್ಳ! ಇಂಬಳ ಸಿಕ್ರೆ ಹೇಳು ಮಾರಾಯ, ಪಾಠಪುಸ್ತಕ ತಿದ್ದಿಸ್ಬೇಕು.”

ಸಾಮಿಲ್ಲಿನವನು ಕಾಫಿ ಕೆಳಗಿಟ್ಟ. “ಇವನ ಯೋಜನೆ ನಂಬ್ಕೊಂಡು ಹೋಗಿದ್ರೆ ನಮ್ಮ ತಿಥಿಗೆ ಅಡುಗೆಗೂ ಜನ ಇರ್ತಿರ್ಲಿಲ್ಲ. ಕಂಟ್ರಾಕ್ಟರೂ ವ್ಯಾನಲ್ಲೇ ಇರ್ತಿದ್ದ!”

ಮೂವರೂ ಬಿದ್ದು ಬಿದ್ದು ನಕ್ಕರು. ನನ್ನ ಕಿವಿ ಬಿಸಿಯಾಯಿತು.

“ಸರಿ, ನೀರಿಗೆ ಡ್ರಮ್ ಇಡಣ. ಇಡ್ಬೇಕು ಅಂದ್ರೆ ನಾಲ್ಕನೇ ಮಂಚ ತೆಗೀಬೇಕು,” ಎಂದೆ. “ಹೇಗಿದ್ರೂ ಅಕ್ಕಂಗೆ ಮಡಿ. ಸ್ನಾನ ಇಲ್ದೆ ಒಲೆ ಮುಟ್ಟಲ್ಲ. ಅಲ್ಲಿ ಸ್ನಾನ ಎಲ್ಲಿಂದ?”

ಅಕ್ಕನ ನಗು ನಿಂತಿತು. “ಡ್ರಮ್ಮಿನ ಪಕ್ಕ ಕೂತೇ ನಿದ್ದೆ ಮಾಡ್ತೀನಿ,” ಎಂದಳು. ಆಮೇಲೆ, “ವಾಪಸು ಬರೋವರೆಗೆ ಮಡಿ ಬಿಡ್ತೀನಿ,” ಎಂದಳು.

ಜ್ವರ ಬಂದಾಗಲೂ ಮಡಿ ಬಿಟ್ಟವಳಲ್ಲ. ಅಷ್ಟನ್ನು ತೆಗೆದು ನನ್ನ ಮುಂದಿಟ್ಟಿದ್ದಳು. ನಾನೋ, ಯಾತ್ರಿಕರಿಗೆ ಕುಂಕುಮ, ದೇವರ ಫೋಟೊ ಮಾರುವವನು. ವಾರಕ್ಕೊಮ್ಮೆ ಕೊಪ್ಪಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದೆ ಆಮ್ಲೆಟ್ಟು ತಿಂದು ಬರುವವನು. ಆ ಕ್ಷಣ ನನ್ನಷ್ಟು ದೊಡ್ಡ ಆಚಾರವಂತ ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

“ಬಿಡು, ಧಾರಾಳವಾಗಿ ಬಿಡು. ಆದ್ರೆ ಹಾಗೆ ಬಿಟ್ಟು ಬಂದವಳು ಮತ್ತೆ ದೇವರ ಮನೆಗೆ ಕಾಲಿಡೋದು ಬೇಡ. ನೈವೇದ್ಯಕ್ಕೆ ಬೇರೆ ಯಾರನ್ನಾದ್ರೂ ನೋಡ್ತೀನಿ.”

ಗೆಳೆಯರಿಬ್ಬರೂ ತಲೆ ತಗ್ಗಿಸಿದರು. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮೂರು ಮಂಚ, ಒಂದು ಡ್ರಮ್ಮಿನೊಂದಿಗೆ ನಾವು ಹೋಗಿ ಬಂದೆವು. ಮರಳಲ್ಲಿ ನಡೆದಿದ್ದು ಕಡಿಮೆ, ಏದುಸಿರು ಬಿಟ್ಟಿದ್ದು ಹೆಚ್ಚು. ಆದರೂ ಒಂದು ಸಂಜೆ ದಿಬ್ಬದ ತುದಿಯಲ್ಲಿ ನಿಂತಾಗ, ಗಾಳಿಗೆ ಮರಳಿನ ಗೆರೆಗಳು ಒಂದೊಂದಾಗಿ ಜರುಗುವುದನ್ನು ನೋಡಿ, ಹಗಲಿಡೀ ಜಗಳವಾಡಿದ ನಾವು ಮೂವರೂ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆವು.

ಮನೆಗೆ ಬಂದಾಗ ಅಕ್ಕ ಕಾಲಿಗೆ ನೀರು ಕೊಟ್ಟು ಕೇಳಿದಳು, “ಹೇಗಿತ್ತು?”

“ಎಂತದೂ ಇಲ್ಲ. ಬರೀ ಮರಳು, ಬಿಸಿಲು. ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು.”

“ಎಂತದೂ ನೋಡದೆ ಬಂದವನ ಮುಖ ಹೀಗಿರಲ್ಲ,” ಎಂದಳು. ಮತ್ತೆಂದೂ ಕೇಳಲಿಲ್ಲ.

ವ್ಯಾನಿನ ಗೇರು ಹಾಳು ಮಾಡಿದ್ದಕ್ಕೆ ಕಂಟ್ರಾಕ್ಟರನ ಕ್ಷಮೆ ಕೇಳಿದ್ದೇನೆ. ದಾರಿಯಲ್ಲಿ ಬೈದಿದ್ದಕ್ಕೆ ಸಾಮಿಲ್ಲಿನವನ ಕ್ಷಮೆಯನ್ನೂ ಕೇಳಿದ್ದೇನೆ. ಗಂಡಸರ ಹತ್ತಿರ ಅದು ಸಲೀಸು, ಹೆಗಲ ಮೇಲೆ ಕೈ ಹಾಕಿದರೆ ಮುಗಿಯಿತು. ಉಳಿದವಳು ಈಗ ಪಕ್ಕದ ಕೋಣೆಯಲ್ಲಿದ್ದಾಳೆ. ಕಿವಿ ಪೂರ್ತಿ ಮಂದ. ತಪ್ಪಾಯಿತು ಎನ್ನಬೇಕಾದರೆ ಇಡೀ ಬೀದಿಗೆ ಕೇಳುವಂತೆ ಕೂಗಬೇಕು. ಅವತ್ತು ಜಗುಲಿಯಲ್ಲಿ ಅಷ್ಟು ಜೋರಾಗಿ ಮಾತಾಡಿದವನಿಗೆ ಇವತ್ತು ನೆರೆಮನೆಯವರಿಗೆ ಕೇಳೀತೆಂಬ ನಾಚಿಕೆ. ಅದಕ್ಕೇ ಬರೆದಿದ್ದೇನೆ, ಅಚ್ಚಾದದ್ದನ್ನು ಅವಳು ಬಿಡದೆ ಓದುತ್ತಾಳೆ. ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಒಬ್ಬಳನ್ನೇ, ನನ್ನ ಅಕ್ಕನನ್ನು.