ಏಣಿ ಹಿಡಿದ ಕಳಕಪ್ಪ

ಕೊಪ್ಪಳದ ಅಮರಪ್ಪ ಸಾವಕಾರರ ಹತ್ತಿ ಮಿಲ್ಲಿನಲ್ಲಿ ಎಂಜಿನ್ನು ನಡೆಸುತ್ತಿದ್ದ ಕಳಕಪ್ಪನನ್ನು ಊರೆಲ್ಲ ದೀಪದ ಕಳಕಪ್ಪ ಎಂದೇ ಕರೆಯುತ್ತಿತ್ತು. ಮಿಲ್ಲಿನ ಡೈನಮೋದಿಂದ ತಂತಿ ಎಳೆದು, ಹಿಂದೆಯೇ ಇದ್ದ ಸಾವಕಾರರ ಮನೆಯ ಪಡಸಾಲೆಯಲ್ಲಿ ಮೊದಲ ಬಲ್ಬು ಹಚ್ಚಿದವನು ಅವನೇ. ಅಂದು ಅಮರಪ್ಪನ ತಾಯಿ ಮುದುಕಮ್ಮ, "ಎಣ್ಣಿ ಇಲ್ಲ, ಬತ್ತಿ ಇಲ್ಲ, ಏನ್ ಮಾಡಿದ್ಯೋ ನನ್ನಪ್ಪಾ!" ಅಂದಿದ್ದಳು. ಆ ಒಂದು ಮಾತನ್ನು ಕಳಕಪ್ಪ ಏಳು ವರ್ಷ ಉಂಡ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಆ ಬಲ್ಬಿನ ಹೋಲ್ಡರು ಒಡೆಯಿತು. ಅಮರಪ್ಪ ಹೈದರಾಬಾದಿನಿಂದ ಹಿತ್ತಾಳೆ ಕಟ್ಟಿನ, ಹಾಲುಗಾಜಿನ ದೊಡ್ಡ ದೀಪವನ್ನೇ ತರಿಸಿದ. ಅದನ್ನು ಕೂಡಿಸಲು ಹೊಸಪೇಟೆಯಿಂದ ಉಮಾಪತಿ ಎಂಬ ವೈರಮನ್ ಬಂದ. ಕಾಲಿಗೆ ಬೂಟು, ಕಿಸೆಯಲ್ಲಿ ಮೂರು ಸ್ಕ್ರೂಡ್ರೈವರು.

"ಏ ಕಳಕಪ್ಪ, ಏಣಿ ಹಿಡಿ," ಅಂದ ಅಮರಪ್ಪ.

ಹತ್ತುವವನು ಕೆಳಗೆ ನಿಂತ. ಉಮಾಪತಿ ಹಳೆಯ ತಂತಿ ಬಿಚ್ಚುತ್ತ, "ಈ ಗಂಟು ಯಾರು ಹಾಕ್ಯಾರ್ರಿ? ಎತ್ತಿಗೆ ಮೂಗುದಾರ ಪೋಣಿಸಿದಂಗ ಐತಲ್ಲ!" ಅಂದ. ಎಲ್ಲರೂ ನಕ್ಕರು. ಮುದುಕಮ್ಮನೂ ನಕ್ಕಳು.

ದೊಡ್ಡ ದೀಪ ನಟ್ಟನಡುವೆಯೇ ತೂಗಬೇಕೆಂದು ಉಮಾಪತಿ ಮಾಳಿಗೆಯ ನಡುವಿನ ಜಂತಿಗೆ ತೂತು ಕೊರೆದ. ಕಳಕಪ್ಪನ ಮುಖದ ಮೇಲೆ ಹಿಟ್ಟಿನಂಥ ಪುಡಿ ಉದುರಿತು. ಅದು ಗೆದ್ದಲು ತಿಂದ ಮರ. ಅದಕ್ಕೇ ಅವನು ಅಂದು ಬಲ್ಬನ್ನು ಪಕ್ಕದ ಜಂತಿಗೆ ತೂಗುಬಿಟ್ಟಿದ್ದು. ಮೇಲೆ ಸುಣ್ಣ ಬಳಿದಿದ್ದರಿಂದ ಉಳಿದವರಿಗೆ ಎಲ್ಲ ಜಂತಿಯೂ ಒಂದೇ. ಹೇಳಬೇಕೆಂದುಕೊಂಡ ಕಳಕಪ್ಪ ಹೇಳಲಿಲ್ಲ. ಇವನ ದೀಪ ಬೀಳಲಿ, ನಾಲ್ಕು ಮಂದಿಯೆದುರು ಬೀಳಲಿ!

ಸಂಜೆ ಮಿಲ್ಲಿಗೆ ಹೋಗಿ ಎಂಜಿನ್ನಿಗೆ ಡೈನಮೋ ತಿರುಗಿಸುವ ಚರ್ಮದ ಪಟ್ಟಾ ಏರಿಸಿದ. ದೀಪ ಹೊತ್ತಿತು, ಮನೆಯಲ್ಲಿ ಹೋ ಎಂಬ ಸದ್ದು. ಮಿಲ್ಲಿನ ಬಾಗಿಲಿನಿಂದಲೇ ಪಡಸಾಲೆ ಕಾಣುತ್ತಿತ್ತು. ಮುದುಕಮ್ಮ ಅಕ್ಕಿಯ ಮೊರ ತಂದು ಸರಿಯಾಗಿ ದೀಪದ ಕೆಳಗೇ ಕೂತು, "ಹಗಲಾದಂಗ ಆತು!" ಅಂದಳು.

ಕಳಕಪ್ಪ ಪಟ್ಟಾ ತಪ್ಪಿಸಿದ, ಕತ್ತಲಾಯಿತು, ಓಡಿದ. "ಏಳ್ರಿ ಅವ್ವಾರ, ಏಳ್ರಿ!" ಎಂದು ರಟ್ಟೆ ಹಿಡಿದು ಎಳೆದ.

"ನೋಡ್ರಿ ಸಾವಕಾರ್ರ, ಹೊಟ್ಟಿಕಿಚ್ಚು!" ಅಂದ ಉಮಾಪತಿ.

"ಹೌದಪ್ಪಾ, ಹೊಟ್ಟಿಕಿಚ್ಚ," ಎಂದ ಕಳಕಪ್ಪ ಕಂದೀಲು ಹಿಡಿದು ಏಣಿ ಹತ್ತಿದ. ಜಂತಿಗೆ ದಬ್ಬಣ ಒತ್ತಿದ. ಹಸಿ ಬೆಲ್ಲದಲ್ಲಿ ಇಳಿದಂತೆ ಪೂರ್ತಿ ಇಳಿಯಿತು.

ಉಮಾಪತಿ ದೀಪ ಬಿಚ್ಚಿ ಹಳೆಯ ಬಲ್ಬಿನ ಜಂತಿಗೇ ಕೂಡಿಸಿದ. ಮತ್ತೆ ಬೆಳಕಾದಾಗ ಎಲ್ಲರೂ ಹೊಗಳಿದ್ದು ಹೊಸಪೇಟೆಯವನನ್ನೇ. ಮುದುಕಮ್ಮ ಮಾತ್ರ ಕಳಕಪ್ಪನ ಹತ್ತಿರ ಬಂದಳು.

"ಮುಂಜಾನಿ ಏಣಿ ಹಿಡದಾಗ ನಿನಗ ಗೊತ್ತಿತ್ತೇನೋ?"

"ಗೊತ್ತಿತ್ರಿ, ಅವ್ವಾರ."

ಮುದುಕಿ ಏಣಿಯ ಕಾಲಿಗೆ ಕೈ ಹಚ್ಚಿದಳು. "ಹಂಗಾರ ಇನ್ನ ಮ್ಯಾಲ ನೀನ ಹತ್ತು. ಕೆಳಗ ನಾ ಹಿಡೀತೀನಿ. ನಿನ್ನ ಕೆಳಗ ನಿಲ್ಲಸೂದು ಛಲೋ ಅಲ್ಲ."

ಆಕೆ ಇರುವ ತನಕ ಹಾಗೇ ನಡೆಯಿತು. ಬಂದ ಬೀಗರು ಗಾಜನ್ನು ಹೊಗಳಿದರೆ ಮಾತ್ರ ಕಳಕಪ್ಪನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. "ಗಾಜು ಯಾರರ ತರ್ತಾರ್ರಿ. ಜಂತಿ ಹುಡುಕಿದಾಂವ ನಾನು!"