ಹಣ್ಣು ಹುಳುಗಳ ಮುಂದೆ ಸ್ಪ್ಯಾನಿಷ್ ಹಾಡು

ಇದನ್ನು ನೀವು ನಂಬುವುದಿಲ್ಲ, ನನ್ನ ಕ್ಲಾಸಿನವರೂ ನಂಬಿಲ್ಲ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಸ್ಪ್ಯಾನಿಷ್ ಹಾಡಿಗೆ ತಲೆದೂಗಿದ ಮೊದಲ ರೇಷ್ಮೆಹುಳುಗಳು ನಮ್ಮ ಮನೆಯವು.

ಆ ಹಾಡಿನ ಸ್ಪ್ಯಾನಿಷ್ ಇಂಡೀ ಪಾಪ್ ಬ್ಯಾಂಡನ್ನು ಇಡೀ ಕಾಲೇಜಿಗೆ ಪರಿಚಯಿಸಿದವನು ನಾನೇ. ನನಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಆದರೂ ಕೇಳಿದವರಿಗೆಲ್ಲ ಅರ್ಥ ಹೇಳುತ್ತಿದ್ದೆ. ಅವರ ಹಾಡುಗಳೆಲ್ಲ ಚಿಂತಾಮಣಿ ಪ್ರೈವೇಟ್ ಬಸ್ಸಿನ ವೇಗದವು. ಹಾಗಾಗಿ ಹೊಸ ಹಾಡು ಬರುವ ಮೊದಲೇ, ಕಾಲೇಜ್ ಡೇ ದಿನ ಅದಕ್ಕೇ ಕುಣಿದು ಸ್ಟೇಜ್ ಮುರಿಯುತ್ತೇನೆಂದು ಸಾರಿಬಿಟ್ಟಿದ್ದೆ. ಜೊತೆಗೆ ಕುಣಿಯಲು ಒಪ್ಪಿದವನು ಒಬ್ಬನೇ, ಪೇಟೆಯಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವವರ ಮನೆಯ ನನ್ನ ಗೆಳೆಯ. ಅವನು ಕೈಕೊಟ್ಟರೆ ನನ್ನ ಮರ್ಯಾದೆ ಹರಾಜು.

ಹಾಡು ಬಂದ ದಿನವೇ ನಮ್ಮ ಹುಳುಗಳು ಹಣ್ಣಾದವು. ಸೊಪ್ಪು ಬಿಟ್ಟು ಗೂಡು ಕಟ್ಟಲು ತಯಾರು. ಅವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಡಿಕೆಗೆ, ಬಿಡುವ ಕೆಲಸವನ್ನು ಅಪ್ಪ ನನಗೊಪ್ಪಿಸಿ ತೋಟಕ್ಕೆ ಹೋಗಿದ್ದರು. ಗೆಳೆಯನೂ ಬಂದು ಕೈಜೋಡಿಸಿದ. ಫೋನನ್ನು ಕಿಟಕಿಯಲ್ಲಿಟ್ಟು ಹಾಡು ಹಾಕಿದೆ.

ಒಂದು ಗಿಟಾರು. ಆಮೇಲೆ ಮೌನ. ಆಮೇಲೆ ಅದೇ ಗಿಟಾರು. ಹಾಡುವವಳು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೀಸೆ ಒಂದು ಸುತ್ತು ಬೆಳೆದಿತ್ತು.

“ಏನೋ ಇದು, ಅವರೂರಲ್ಲಿ ಕರೆಂಟ್ ಕಮ್ಮಿನಾ?” ಎಂದ ಗೆಳೆಯ.

“ಇಂಟ್ರೋ ಕಣೋ. ಈಗ ಬೀಟ್ ಬೀಳುತ್ತೆ, ಗಟ್ಟಿಯಾಗಿ ನಿಂತ್ಕೊ.”

ಬೀಟ್ ಬೀಳಲೇ ಇಲ್ಲ. ಹಾಡು ಮುಗಿಯಿತು.

“ಅರೆ ಯಾರ್, ಇದಕ್ಕೆ ಕುಣಿಯಕ್ಕೆ ನಮ್ಮನೆ ಅಜ್ಜಿನ, ನಮ್ಮ ದಾದಿನ, ಕರ್ಕೊಂಡ್ ಹೋಗು. ನಾನು ಬರಲ್ಲಪ್ಪ.”

“ಇನ್ನೊಂದ್ಸಲ ಕೇಳೋ, ನಿನ್ ಕಾಲಿಗೆ ಬೀಳ್ತೀನಿ.”

ಎರಡನೇ ಸಲ ಅವನು ಬೈಯಲಿಲ್ಲ. ಹುಳು ಎತ್ತಿದ ಕೈ ತಾನಾಗಿಯೇ ಗಾಳಿಯಲ್ಲಿ ತೇಲಿ, ಮೆಲ್ಲಗೆ ಚಂದ್ರಿಕೆಗೆ ಇಳಿಯಿತು. ನನ್ನದೂ ಹಾಗೇ. ಸಂಜೆ ಬಿಸಿಲು ಒಳಗೆ ಬಿದ್ದಿತ್ತು. ಹಾಡು ನಿಜಕ್ಕೂ ಚೆನ್ನಾಗಿತ್ತು, ಅವಸರವೇ ಇಲ್ಲದ ಹಾಡು.

“ಇದೇ ಸ್ಟೆಪ್ ಕಣೋ!” ಎಂದೆ.

“ಹಂಗಾದ್ರೆ ಬರ್ತೀನಿ,” ಎಂದ.

ಆ ಖುಷಿಗೆ ಎದುರುಬದುರು ನಿಂತು, ಹಾಡನ್ನು ಮತ್ತೆ ಮತ್ತೆ ಹಾಕಿ, ಒಂದೇ ಚಂದ್ರಿಕೆಯ ಮೇಲೆ ಅಭ್ಯಾಸ ನಡೆಸಿದೆವು. ಹುಳುಗಳು ಸಂತೆ ದಿನದ ಆಟೋದಲ್ಲಿ ಕೂತಂತೆ ಒಂದರ ತೊಡೆಮೇಲೊಂದು ಕೂತಿದ್ದವು.

ಅಪ್ಪ ಒಳಗೆ ಬಂದರು. ನೇರವಾಗಿ ಚಂದ್ರಿಕೆ ನೋಡಿದರು.

“ಹಿಂಗೆ ಒತ್ತಿ ಬಿಟ್ರೆ ಎರಡೆರಡು ಸೇರಿ ಒಂದೇ ಗೂಡು ಕಟ್ತವೆ. ಆ ಜೋಡಿಗೂಡು ನಿಮ್ಮಪ್ಪ ತಗೊಂತಾರೇನಪ್ಪಾ?” ಎಂದು ಗೆಳೆಯನನ್ನೇ ಕೇಳಿದರು.

“ಮುಟ್ಟಲ್ಲ ಅಂಕಲ್. ನೂಲೇ ಬಿಚ್ಚಲ್ಲ ಅದು,” ಎಂದ ಆ ದ್ರೋಹಿ.

ಅಪ್ಪ ನನ್ನ ಫೋನನ್ನು ಜೇಬಿಗಿಳಿಸಿದರು. “ನೀನು ಮನೆಗೆ ಹೋಗಪ್ಪ. ಇವನು ಕೂತು ಒಂದೊಂದೇ ಬಿಡಿಸ್ತಾನೆ. ಕುಣಿತ ಗಿಣಿತ ಎಲ್ಲಾ ಬಂದ್.”